ಐವತ್ತೊಂದರಲ್ಲಿ ಜರ್ಕ್ ನಿಲ್ಲುತ್ತಿಲ್ಲ: ಕೋಚ್‌ಗೆ ಒಂದು ಪ್ರಶ್ನೆ

ಪ್ರಶ್ನೆ – ಸದಸ್ಯರು, ಉಡುಪಿ

ನಮಸ್ಕಾರ ಸರ್. ನನಗೆ 51 ವರ್ಷ, ತೂಕ 78 ಕಿಲೊ, ಬ್ಯಾಂಕಿನಲ್ಲಿ ಕೆಲಸ. ಕಾಲೇಜಿನಲ್ಲಿ ಎರಡು ವರ್ಷ ವೇಟ್‌ಲಿಫ್ಟಿಂಗ್ ಮಾಡಿ ಬಿಟ್ಟಿದ್ದೆ. 46ರಲ್ಲಿ ಮತ್ತೆ ಬಾರ್ ಹಿಡಿದೆ. ಮಾಸ್ಟರ್ಸ್ ಸ್ಪರ್ಧೆಯ 50–54ರ ವಯೋಗುಂಪಿನಲ್ಲಿ ಒಮ್ಮೆಯಾದರೂ ಎತ್ತಬೇಕೆಂಬ ಆಸೆ.

ಸ್ನ್ಯಾಚ್ (ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ) 60, ಕ್ಲೀನ್ ಆ್ಯಂಡ್ ಜರ್ಕ್ (ಕ್ಲೀನ್‌ನಲ್ಲಿ ಹೆಗಲಿಗೆ, ಜರ್ಕ್‌ನಲ್ಲಿ ತಲೆಯ ಮೇಲಕ್ಕೆ) 78, ಬ್ಯಾಕ್ ಸ್ಕ್ವಾಟ್ (ಬಾರ್ ಬೆನ್ನ ಮೇಲೆ ಹೊತ್ತು ಕುಳಿತು ಏಳುವುದು) 98, ಫ್ರಂಟ್ ಸ್ಕ್ವಾಟ್ (ಬಾರ್ ಹೆಗಲ ಮುಂಭಾಗದಲ್ಲಿ ಹೊತ್ತು) 84 ಕಿಲೊ. ಎರಡು ವರ್ಷಗಳಿಂದ ಈ ಅಂಕಿಗಳು ಅಲುಗಿಲ್ಲ. ವಾರಕ್ಕೆ ನಾಲ್ಕು ಸಂಜೆ ಸ್ನ್ಯಾಚ್ ಮತ್ತು ಜರ್ಕ್ ಮಾತ್ರ ಮಾಡುತ್ತೇನೆ. 80 ಕಿಲೊ ಕ್ಲೀನ್ ಆಗುತ್ತದೆ, ಎದ್ದು ನಿಲ್ಲುತ್ತೇನೆ, ಆದರೆ ಜರ್ಕ್ ಮೇಲೆ ನಿಲ್ಲುವುದಿಲ್ಲ. ಜರ್ಕ್‌ನ ತಂತ್ರ ತಿದ್ದಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮೊಣಕಾಲಿನ ಮುಂಭಾಗ ಸ್ವಲ್ಪ ನೋಯುತ್ತದೆ. ಏನು ಮಾಡಲಿ?

ಉತ್ತರ – ವೇಟ್‌ಲಿಫ್ಟಿಂಗ್ ಕೋಚ್, ಮಂಗಳೂರು

ನಾಲ್ಕೂ ಅಂಕಿಗಳನ್ನು ಬರೆದು ನನ್ನ ಕೆಲಸ ಹಗುರ ಮಾಡಿದ್ದೀರಿ ಸರ್. ಸಾಮಾನ್ಯವಾಗಿ ಕ್ಲೀನ್ ಆ್ಯಂಡ್ ಜರ್ಕ್ ಬ್ಯಾಕ್ ಸ್ಕ್ವಾಟ್‌ನ ಶೇ 80ರ ಆಸುಪಾಸಿನಲ್ಲಿ, ಸ್ನ್ಯಾಚ್ ಶೇ 60–65ರಲ್ಲಿ ಇರುತ್ತದೆ. ನಿಮ್ಮವು ಶೇ 80 ಮತ್ತು 61. ಇದರ ಅರ್ಥ, ನಿಮ್ಮ ತಂತ್ರ ಚೆನ್ನಾಗಿಯೇ ಇದೆ. ಬಾವಿಯಲ್ಲಿರುವ ನೀರನ್ನೆಲ್ಲ ನೀವು ಆಗಲೇ ಸೇದಿದ್ದೀರಿ. ಇನ್ನು ಹಗ್ಗ ಬದಲಿಸಿ ಫಲವಿಲ್ಲ, ಬಾವಿಯನ್ನೇ ಆಳ ಮಾಡಬೇಕು.

ಜರ್ಕ್‌ನ ಗುಟ್ಟು ಫ್ರಂಟ್ ಸ್ಕ್ವಾಟ್‌ನಲ್ಲಿದೆ. 84 ಕಿಲೊ ಹೊತ್ತು ಒಮ್ಮೆ ಏಳಬಲ್ಲವರು 80 ಕಿಲೊ ಕ್ಲೀನ್ ಮಾಡಿ ಎದ್ದಾಗ ಕಾಲಿನಲ್ಲಿ ಇನ್ನೇನು ಉಳಿದಿರುತ್ತದೆ? ಜರ್ಕ್ ಮೇಲೇರುವುದು ಕಾಲು ತಳ್ಳುವ ಬಲದಿಂದ. ಆ ಕಾಲು ಆಗಲೇ ಬರಿದಾಗಿರುತ್ತದೆ. ನೋಡುವವರ ಕಣ್ಣಿಗೆ ಕಾಣುವುದು ಕೈ, ಆದ್ದರಿಂದ ತಂತ್ರವನ್ನು ದೂರುತ್ತಾರೆ. ಫ್ರಂಟ್ ಸ್ಕ್ವಾಟ್ 95ಕ್ಕೆ ಬಂದರೆ ಅದೇ 80 ಕಿಲೊ ನಿಮಗೆ ಹಗುರವಾಗಿ ಕಾಣುತ್ತದೆ.

ಹನ್ನೆರಡು ವಾರ ಗರಿಷ್ಠ ಭಾರದ ಆಸೆಯನ್ನು ಬದಿಗಿಡಿ. ಸೋಮವಾರ, ಗುರುವಾರ, ಶನಿವಾರ, ಹೀಗೆ ಮೂರೇ ದಿನ ಸಾಕು. ಈ ವಯಸ್ಸಿನಲ್ಲಿ ಭಾರದ ಸ್ಕ್ವಾಟ್‌ಗಳ ನಡುವೆ 48 ಗಂಟೆ ಬೇಕೇ ಬೇಕು, 72 ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ದಿನವೂ ಮೊದಲ ಇಪ್ಪತ್ತು ನಿಮಿಷ ಸ್ನ್ಯಾಚ್ ಅಥವಾ ಕ್ಲೀನ್ ಆ್ಯಂಡ್ ಜರ್ಕ್: ನಿಮ್ಮ ಗರಿಷ್ಠದ ಶೇ 70ರಷ್ಟು ಭಾರ, ಎರಡೆರಡು ಬಾರಿಯ ಐದು ಸೆಟ್. ಭಾರ ಹಗುರವಿರಲಿ, ವೇಗ ಮಾತ್ರ ಪೂರ್ತಿ ಇರಲಿ. ವಯಸ್ಸಾದಂತೆ ಮೊದಲು ಸೊರಗುವುದು ಸ್ನಾಯುವಿನ ವೇಗದ ನಾರುಗಳು. ಬಲ ಕಟ್ಟುವ ನೆಪದಲ್ಲಿ ಸ್ನ್ಯಾಚ್, ಜರ್ಕ್ ಎರಡನ್ನೂ ಪೂರ್ತಿ ಬಿಟ್ಟವರು ಮೂರು ತಿಂಗಳ ನಂತರ ಬಲಶಾಲಿಗಳಾಗಿ, ಆದರೆ ನಿಧಾನಿಗಳಾಗಿ ಮರಳುವುದನ್ನು ನಾನು ಕಂಡಿದ್ದೇನೆ.

ಆಮೇಲೆ ಸ್ಕ್ವಾಟ್. ಸೋಮವಾರ ಮತ್ತು ಶನಿವಾರ ಬ್ಯಾಕ್, ಗುರುವಾರ ಫ್ರಂಟ್. ಬ್ಯಾಕ್ ಸ್ಕ್ವಾಟ್ ಮೊದಲ ನಾಲ್ಕು ವಾರ 62.5 ಕಿಲೊದಲ್ಲಿ ಎಂಟು ಬಾರಿಯ ನಾಲ್ಕು ಸೆಟ್, ಮುಂದಿನ ನಾಲ್ಕು ವಾರ 72.5ರಲ್ಲಿ ಐದು ಬಾರಿಯ ಐದು ಸೆಟ್, ಕೊನೆಯ ನಾಲ್ಕು ವಾರ 80ರಿಂದ 82.5ರಲ್ಲಿ ಮೂರು ಬಾರಿಯ ನಾಲ್ಕು ಸೆಟ್. ಫ್ರಂಟ್‌ಗೂ ಇದೇ ಲೆಕ್ಕ, ಆದರೆ ಭಾರ ನಿಮ್ಮ 84 ಕಿಲೊದ ಸುಮಾರು ಶೇ 64, ಆಮೇಲೆ 74, ಕೊನೆಗೆ 82–84. ನಾಲ್ಕನೆಯ ಮತ್ತು ಎಂಟನೆಯ ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಮೊದಲ ವಾರ ಸುಲಭ ಎನಿಸುತ್ತದೆ, ದಯವಿಟ್ಟು ಪ್ಲೇಟು ಸೇರಿಸಬೇಡಿ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನವಾಗಿ ಬಲಿಯುತ್ತದೆ. ನಿಮ್ಮ ಮೊಣಕಾಲಿನ ಮುಂಭಾಗ ಹೇಳುತ್ತಿರುವುದು ಬಹುಶಃ ಅದನ್ನೇ. ಮೂರು ಸೆಕೆಂಡು ತೆಗೆದುಕೊಂಡು ಕುಳಿತು, ತಳದಲ್ಲಿ ಪುಟಿಯದೆ ಏಳಿ. ನೋವು ಮರುದಿನ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಭಾರ ಇಳಿಸಿ. ಊದಿಕೊಂಡರೆ ಅಥವಾ ಮೊಣಕಾಲು ಸಿಕ್ಕಿಕೊಂಡಂತಾದರೆ ಮೂಳೆ ತಜ್ಞರಿಗೆ ತೋರಿಸಿ.

ಉಳಿದದ್ದು: ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ಬಾರನ್ನು ಮೊಣಕಾಲಿನ ಕೆಳಗೆ ಇಳಿಸಿ ಎತ್ತುವುದು), ಬಾಗಿ ಎಳೆಯುವ ರೋಯಿಂಗ್, ನಿಂತು ತಲೆಯ ಮೇಲೆ ಒತ್ತುವ ಪ್ರೆಸ್, ಒಂದು ಕಾಲು ಮುಂದಿಟ್ಟು ಕುಳಿತು ಏಳುವ ಸ್ಪ್ಲಿಟ್ ಸ್ಕ್ವಾಟ್. ದಿನಕ್ಕೆ ಎರಡನ್ನು ಆರಿಸಿಕೊಂಡು ಮೂರು ಮೂರು ಸೆಟ್ ಮಾಡಿ. ಕೊನೆಗೆ ಎರಡೂ ಕೈಯಲ್ಲಿ ಭಾರ ಹಿಡಿದು ನಲವತ್ತು ಹೆಜ್ಜೆ ನಡೆಯಿರಿ.

ಪ್ರಶ್ನೆ – ಸದಸ್ಯರು, ಕುಂದಾಪುರ

ಸರ್, ನಮ್ಮ ಕಡೆಯ ಗುರುರಾಜ ಪೂಜಾರಿ ಅವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೊ ವಿಭಾಗದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ ಗೆದ್ದರು. ಅಂಥವರು ದಿನವೂ ಭಾರವನ್ನೇ ಎತ್ತುತ್ತಾರೆ. ಎಂಟೆಂಟು ಬಾರಿಯ ಸ್ಕ್ವಾಟ್ ಎಲ್ಲ ಸಮಯ ಕಳೆಯುವುದಲ್ಲವೇ?

ಉತ್ತರ – ಕೋಚ್

ಗುರುರಾಜ ಅವರು 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೊ ವಿಭಾಗದಲ್ಲಿ 269 ಕಿಲೊ ಎತ್ತಿ ಕಂಚನ್ನೂ ತಂದರು. ನನಗೂ ಅಪಾರ ಹೆಮ್ಮೆ. ಆದರೆ ಅವರ ದಿನವಿಡೀ ಅಭ್ಯಾಸ ಮತ್ತು ವಿಶ್ರಾಂತಿಗೆ ಮೀಸಲು, ಹಿಂದೆ ವರ್ಷಗಟ್ಟಲೆ ಕಟ್ಟಿದ ಬಲವಿದೆ. ಈ ಸರ್ ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು ಬರುವವರು. ಎಂಟು ಬಾರಿಯ ಸೆಟ್ ಅವರಿಗೆ ಕಳೆದುಹೋದ ಸ್ನಾಯುವನ್ನು ಮರಳಿ ಕೊಡುತ್ತದೆ. ಅದಿಲ್ಲದೆ ಮೂರು ಬಾರಿಯ ಭಾರದ ಸೆಟ್‌ಗೆ ತಳಪಾಯವೇ ಇರುವುದಿಲ್ಲ.

ಪ್ರಶ್ನೆ – ಸದಸ್ಯೆ, ಮಂಗಳೂರು

ನನಗೆ 48, ಮುಟ್ಟು ನಿಲ್ಲುವ ಹಂತ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಇದೇ ಕ್ರಮವನ್ನು ನಾನೂ ಅನುಸರಿಸಬಹುದೇ?

ಉತ್ತರ – ಕೋಚ್

ಬಲದ ಅಭ್ಯಾಸ ನಿಮಗೆ ಅವರಿಗಿಂತಲೂ ಅಗತ್ಯ ಅಕ್ಕ. ಈಸ್ಟ್ರೋಜನ್ ಹಾರ್ಮೋನು ಇಳಿದಂತೆ ಮೂಳೆಯ ಸಾಂದ್ರತೆ ಬೇಗ ಇಳಿಯುತ್ತದೆ, ಭಾರ ಹೊರುವ ಮೂಳೆ ಗಟ್ಟಿಯಾಗಿ ಉಳಿಯುತ್ತದೆ. ಆದರೆ ಮೊದಲು ವೈದ್ಯರನ್ನು ಕಾಣಿ. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಕೆಲ ಕ್ಷಣ ತುಂಬ ಏರುತ್ತದೆ. ಹತೋಟಿಯಲ್ಲಿದೆ ಎಂದು ಅವರು ಹೇಳಿದ ಮೇಲೆ ಶುರು ಮಾಡಿ. ಪ್ರತಿ ಬಾರಿಯೂ ಏಳುವಾಗ ಉಸಿರು ಬಿಡಿ, ಇನ್ನೆರಡು ಬಾರಿ ಮಾಡಬಹುದು ಎನ್ನುವಾಗಲೇ ಸೆಟ್ ನಿಲ್ಲಿಸಿ. 15 ಕಿಲೊದ ಮಹಿಳೆಯರ ಬಾರ್ ಕೇಳಿ ಪಡೆಯಿರಿ, ಅದರ ಹಿಡಿ ತೆಳ್ಳಗಿರುತ್ತದೆ.

ಪ್ರಶ್ನೆ – ಸದಸ್ಯರು, ಉಡುಪಿ

ತುಂಬ ಧನ್ಯವಾದ ಸರ್. ಒಂದೇ ಅನುಮಾನ: ಊಟ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗಿಳಿಯುವುದಿಲ್ಲ, ಮನೆಗೆ ಮೀನು ಬರುವುದೇ ಅಪರೂಪ. ಪ್ರೊಟೀನ್ ಪುಡಿ ಬೇಕೇ?

ಉತ್ತರ – ಕೋಚ್

ಕಡ್ಡಾಯವೇನಲ್ಲ. ನಿಮ್ಮ ತೂಕಕ್ಕೆ ದಿನಕ್ಕೆ 95ರಿಂದ 125 ಗ್ರಾಂ ಪ್ರೊಟೀನ್ ಇರಲಿ, ಅದೂ ಮೂರು ನಾಲ್ಕು ಹೊತ್ತಿಗೆ ಹಂಚಿಹೋಗಲಿ. ನಮ್ಮ ಕಡೆಯ ಕೊರತೆ ಇರುವುದು ಬೆಳಗಿನ ತಿಂಡಿಯಲ್ಲಿ. ನೀರುದೋಸೆ, ಚಟ್ನಿ ರುಚಿಯೇ, ಆದರೆ ಅಲ್ಲಿ ಪ್ರೊಟೀನ್ ತೀರಾ ಕಡಿಮೆ. ಜೊತೆಗೆ ಮೂರು ಮೊಟ್ಟೆ ಇಡಿ, ಅಲ್ಲಿಗೇ 18 ಗ್ರಾಂ ಆಯಿತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಹುರುಳಿ ಸಾರು, ದಪ್ಪ ಮೊಸರು. ರಾತ್ರಿ ಕೋಳಿ ಅಥವಾ ಕಡಲೆ ಗಸಿ. ಆಗಸ್ಟ್‌ನಲ್ಲಿ ಬಂಗುಡೆ ಬಂದಾಗ ರಾತ್ರಿಯ ಲೆಕ್ಕ ಸುಲಭವಾಗುತ್ತದೆ. ಪ್ರೊಟೀನ್ ಇನ್ನೂ ಸಾಲದಿದ್ದರೆ ಮಾತ್ರ ಪುಡಿ.

ಈ ತಿಂಗಳ ತೇವದಲ್ಲಿ ಬಾರ್ ಜಾರುತ್ತದೆ. ಪ್ರತಿ ಸೆಟ್‌ಗೆ ಮೊದಲು ಬಟ್ಟೆಯಿಂದ ಒರೆಸಿ, ಚಾಕ್ ಹಚ್ಚಿಕೊಳ್ಳಿ. ಹನ್ನೆರಡನೆಯ ವಾರ ಮುಗಿದ ಮೇಲೆ ನಾಲ್ಕು ದಿನ ವಿಶ್ರಾಂತಿ ಪಡೆದು, ಮೊದಲು ಫ್ರಂಟ್ ಸ್ಕ್ವಾಟ್ ಪರೀಕ್ಷಿಸಿ, ಜರ್ಕ್ ಅಲ್ಲ. ಆ ಅಂಕಿಯನ್ನು ಇಲ್ಲಿಯೇ ಬರೆಯಿರಿ, ಮುಂದಿನ ಆರು ವಾರಗಳ ಕ್ರಮವನ್ನು ಅದರ ಮೇಲೆ ಹಾಕಿಕೊಡುತ್ತೇನೆ.