ಅಪ್‌ಡೇಟ್: ಬಿಜಿಎಂಐ ಗೇಮಿನ ಎಂ416 ಗನ್ನಿನ ರೀಕಾಯಿಲ್ ಕೊನೆಗೂ ಕಂಟ್ರೋಲಿಗೆ ಬಂತು

ಮೊನ್ನೆ ಕೇಳಿದ್ದೆ ಅಲ್ವಾ, ಬಿಜಿಎಂಐ ಅಂತ ಮೊಬೈಲ್ ಶೂಟಿಂಗ್ ಗೇಮಲ್ಲಿ ಎಂ416 ಸ್ಪ್ರೇ ಮಾಡಿದ್ರೆ, ಅಂದ್ರೆ ಬಿಡದೆ ಒಂದೇ ಸಮ ಗುಂಡು ಹೊಡೆದ್ರೆ, ರೀಕಾಯಿಲಿಗೆ (ಹೊಡೆವಾಗ ಬರುವ ಒದೆತಕ್ಕೆ) ಗನ್ ಸೀದಾ ಮೇಲೆ ಹೋಗ್ತದೆ, ಎಂತ ಅಟ್ಯಾಚ್‌ಮೆಂಟ್ (ಗನ್ನಿಗೆ ಸೇರಿಸುವ ಭಾಗ) ಹಾಕುದು ಅಂತ, ಈಗ ಸರಿಯಾಯ್ತು ಮಾರಾಯ್ರೆ. ಮಣಿಪಾಲದ ಅಣ್ಣ ಹೇಳಿದ ಸೆಟಪ್ಪೇ ಆದದ್ದು, ನಳಿಗೆ ತುದಿಗೆ ಕಾಂಪೆನ್ಸೇಟರ್, ಮುಂದೆ ಕೆಳಗೆ ಹಿಡಿಲಿಕ್ಕೆ ವರ್ಟಿಕಲ್ ಗ್ರಿಪ್, ಹಿಂದೆ ಟ್ಯಾಕ್ಟಿಕಲ್ ಸ್ಟಾಕ್. ಟ್ರೈನಿಂಗ್ ಗ್ರೌಂಡಲ್ಲಿ ಗೋಡೆಗೆ ಇಡೀ ಮ್ಯಾಗಝೀನ್ ಖಾಲಿ ಮಾಡಿ ನೋಡಿದೆ, ಗುಂಡಿನ ಗುರುತೆಲ್ಲ ಒಟ್ಟೊಟ್ಟಿಗೆ ಉಂಟು, ಭಾರೀ ಖುಷಿ ಆಯ್ತು! ಬೇರೆಯವರು ಸಪ್ರೆಸರ್ ಹಾಕಿ ಅಂದದ್ದು ಪ್ರಯೋಜನ ಆಗ್ಲಿಲ್ಲ, ಅದು ಸೌಂಡ್ ಕಮ್ಮಿ ಮಾಡ್ತದೆ, ರೀಕಾಯಿಲ್ ಅಲ್ಲ. ಆ್ಯಂಗಲ್ಡ್ ಗ್ರಿಪ್ ಅಡ್ಡ ಅಲುಗಾಟಕ್ಕೆ ಒಳ್ಳೇದು.

ನಂಗೆ ಹೊಸದಾಗಿ ಗೊತ್ತಾದದ್ದು, 6ಎಕ್ಸ್ ಸ್ಕೋಪನ್ನು (ಆರು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) 3ಎಕ್ಸಿಗೆ ಇಳಿಸ್ಲಿಕ್ಕೆ ಆಗ್ತದೆ, ಆಗ ದೂರದ ಸ್ಪ್ರೇಯೂ ಹಿಡಿತಕ್ಕೆ ಬರ್ತದೆ. ಎಕೆಎಂ ಗನ್ನಲ್ಲಿ ಆಡುವವರಿಗೆ ಈ ಸೆಟಪ್ ಆಗುದಿಲ್ಲ, ಅದಕ್ಕೆ ಗ್ರಿಪ್ಪೂ ಇಲ್ಲ ಸ್ಟಾಕೂ ಇಲ್ಲ, ಕಾಂಪೆನ್ಸೇಟರ್ ಹಾಕಿ ಬಗ್ಗಿ ಕೂತು ಹೊಡೀರಿ.