‘ಪ್ರಿಯ’ವೋ ‘ಸಹಿಷ್ಣು’ವೋ, ಮತ್ತು ‘ವಿಘಟನೆ’ಯ ಮಿತಿ

ಮಾನ್ಯರೇ,

ಬಿಸಿನೀರಿನ ಬುಗ್ಗೆ, ಆಳ ಸಮುದ್ರ, ವಿಕಿರಣಭರಿತ ತ್ಯಾಜ್ಯ ಮುಂತಾದೆಡೆಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮಾಲಿನ್ಯ ನಿವಾರಣೆಗೆ ಒದಗುವ ಬಗೆಯನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಎರಡು ಪದಗಳ ಬಳಿ ನಿಂತುಬಿಟ್ಟಿದ್ದೇನೆ.

ಮೊದಲನೆಯದು, ಇಂಥ ಕಠಿಣ ನೆಲೆಗಳ ಜೀವಿಗಳಿಗೆ 1974ರಲ್ಲಿ ವಿಜ್ಞಾನಿ ಆರ್. ಡಿ. ಮ್ಯಾಕೆಲ್‌ರಾಯ್ ಬಳಕೆಗೆ ತಂದ ಹೆಸರು ‘ಎಕ್ಸ್‌ಟ್ರೀಮೋಫೈಲ್’. ಇದರ ಉತ್ತರಾರ್ಧವು ‘ಪ್ರೀತಿಸುವ’ ಎಂಬ ಅರ್ಥದ ಗ್ರೀಕ್ ಪದ. ಅದನ್ನೇ ಹಿಡಿದು ‘ವಿಪರೀತಪ್ರಿಯ’ ಎಂದರೆ ‘ವಿಪರೀತ ಅಕ್ಕರೆಯದು’ ಎಂದು ಓದುವವರೇ ಹೆಚ್ಚು. ಅದಿರಲಿ, ಪ್ರೀತಿಯ ಮಾತೇ ಎಲ್ಲಕ್ಕೂ ಒಪ್ಪುವುದಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಗಳಲ್ಲಿ ಸಿಕ್ಕ, ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ಹೆಸರಿಟ್ಟು ವಿವರಿಸಿದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಅದನ್ನು ‘ತಾಪಪ್ರಿಯ’ ಎನ್ನಲು ಅಡ್ಡಿಯಿಲ್ಲ. ಆದರೆ 1956ರಲ್ಲಿ ಆರೆಗಾನ್‌ನಲ್ಲಿ, ಗಾಮಾ ಕಿರಣ ಹಾಯಿಸಿದ ಮೇಲೂ ಕೆಟ್ಟುಹೋದ ಡಬ್ಬಿಯ ಮಾಂಸದಲ್ಲಿ ಪತ್ತೆಯಾದ ಡೈನೋಕಾಕಸ್ ರೇಡಿಯೋಡ್ಯೂರನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ವಿಕಿರಣ ಬೇಕಾಗಿಯೇ ಇಲ್ಲ. ಅದು ವಿಕಿರಣವನ್ನು ತಾಳಿಕೊಳ್ಳುತ್ತದೆ, ಅಷ್ಟೆ. ಅದರ ಲ್ಯಾಟಿನ್ ಹೆಸರೂ ಅದನ್ನೇ ಹೇಳುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ‘ತಾಪಪ್ರಿಯ’, ‘ವಿಕಿರಣಸಹಿಷ್ಣು’ ಎಂದು ಬೇರ್ಪಡಿಸಿ, ಒಟ್ಟು ವರ್ಗಕ್ಕೆ ‘ವನವಾಸಿ’, ‘ಜಲವಾಸಿ’ಗಳ ಜಾಡಿನಲ್ಲಿ ‘ವಿಷಮವಾಸಿ’ ಎನ್ನಬಹುದೇ ಎಂಬುದು ನನ್ನ ಯೋಚನೆ.

ಎರಡನೆಯದು ಇನ್ನೂ ಜಟಿಲ. ಈ ಜೀವಿಗಳು ಮಾಡುವುದನ್ನೆಲ್ಲ ನಾವು ‘ವಿಘಟನೆ’ ಎಂದು ಬರೆಯುತ್ತಿದ್ದೇವೆ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆತದ ವೇದಿಕೆಯ ಅವಘಡದಲ್ಲಿ ಸುಮಾರು 1,500 ಮೀಟರ್ ಆಳದ ಕಡಲತಳದಲ್ಲಿದ್ದ ಬಾವಿಯಿಂದ ತೈಲ ಚಿಮ್ಮಿದಾಗ, ಆ ಕೊರೆಯುವ ಚಳಿಯ ನೀರಿನಲ್ಲೇ ಬದುಕುವ ಬ್ಯಾಕ್ಟೀರಿಯಾಗಳು ಹೆಚ್ಚಿ ಹೈಡ್ರೋಕಾರ್ಬನ್‌ಗಳನ್ನು ಒಡೆದವು. ಅಲ್ಲಿ ‘ವಿಘಟನೆ’ ಸರಿ. ‘ಅರಗಿಸಿಕೊಂಡವು’ ಎಂದರೂ ಸರಿಯೇ, ನನಗಂತೂ ಎರಡನೆಯದೇ ಹಿತ. ಆದರೆ ಯುರೇನಿಯಂ ಮೂಲಧಾತು. ಅದನ್ನು ಯಾವ ಸೂಕ್ಷ್ಮಜೀವಿಯೂ ಒಡೆಯಲಾರದು. ಕೊಲರಾಡೋದ ರೈಫಲ್ ಎಂಬಲ್ಲಿನ ಹಳೆಯ ಯುರೇನಿಯಂ ಅದಿರು ಸಂಸ್ಕರಣಾ ತಾಣದ ಅಂತರ್ಜಲಕ್ಕೆ ಅಸಿಟೇಟ್ (ವಿನೆಗರ್ ಆಮ್ಲದ ಲವಣ) ಸೇರಿಸಿದಾಗ ಜಿಯೋಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯಾಗಳು ಹೆಚ್ಚಿದವು. ಅವು ತಿನ್ನುವುದು ಅಸಿಟೇಟನ್ನು. ನಾವು ಉಸಿರಾಟದಲ್ಲಿ ಆಮ್ಲಜನಕಕ್ಕೆ ಎಲೆಕ್ಟ್ರಾನ್ ದಾಟಿಸುವಂತೆ ಅವು ಕಬ್ಬಿಣಕ್ಕೂ ಯುರೇನಿಯಂಗೂ ದಾಟಿಸುತ್ತವೆ. ಹೀಗೆ ನೀರಿನಲ್ಲಿ ಕರಗಿದ್ದ ಆರು ವೇಲೆನ್ಸಿಯ ಯುರೇನಿಯಂ ನಾಲ್ಕಕ್ಕಿಳಿದು ಮಡ್ಡಿಗಟ್ಟುತ್ತದೆ. ‘ಯುರೇನಿಯಂ ತಿನ್ನುವ ಬ್ಯಾಕ್ಟೀರಿಯಾ’ ಎಂಬ ಶೀರ್ಷಿಕೆ ಆಕರ್ಷಕವೇ ಹೌದು, ಆದರೆ ತಿಂದದ್ದು ಮಾಯವಾಯಿತೆಂದು ಓದುಗ ನಂಬಿದರೆ ತಪ್ಪು ಅವನದಲ್ಲ. ಪಾದರಸದ್ದೂ ಇದೇ ಕಥೆ: 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜೀನು ಸೇರಿಸಿದ ಡೈನೋಕಾಕಸ್, ಅಯಾನು ರೂಪದ ಪಾದರಸವನ್ನು ಅಷ್ಟು ವಿಷವಲ್ಲದ, ಆವಿಯಾಗಬಲ್ಲ ಧಾತುರೂಪಕ್ಕೆ ತಿರುಗಿಸಿತು.

ಇಂಥಲ್ಲಿ ‘ಪರಿವರ್ತನೆ’ ಎಂದರೆ ತಪ್ಪಿಲ್ಲ, ಆದರೆ ಮಾತು ತೀರ ಸಡಿಲ. ‘ಜಡೀಕರಣ’ ಯುರೇನಿಯಂಗೆ ಹೊಂದಿದರೂ ಆವಿಯಾಗುವ ಪಾದರಸಕ್ಕೆ ಹೊಂದದು. ತೈಲ, ಯುರೇನಿಯಂ, ಪಾದರಸ ಮೂರನ್ನೂ ಒಳಗೊಳ್ಳುವ ಮಾತಾಗಿ, ಇಂಗ್ಲಿಷಿನ ‘ಬಯೋರೆಮಿಡಿಯೇಷನ್’ಗೆ ‘ಜೈವಿಕ ಪರಿಹಾರ’ವನ್ನು ಕಂಡಿದ್ದೇನಾದರೂ, ನಮ್ಮಲ್ಲಿ ‘ಪರಿಹಾರ’ ಎಂದೊಡನೆ ಬೆಳೆಹಾನಿಯ ಹಣ ನೆನಪಾಗುವುದರಿಂದ ಕೈ ಹಿಂಜರಿಯುತ್ತದೆ. ‘ನಂಜಿಳಿಕೆ’ ಎಂದು ನಾನೇ ಕಟ್ಟಿಕೊಂಡ ಪದ ಪ್ರಬಂಧದ ಭಾಷೆಗೆ ಒಗ್ಗೀತೇ, ಅಥವಾ ಮಣ್ಣು, ನೀರಿನ ಕೆಲಸ ಮಾಡುವವರಲ್ಲಿ ಇದಕ್ಕೆ ಬೇರೆ ಮಾತು ಆಗಲೇ ಓಡಾಡುತ್ತಿದೆಯೇ, ಬಲ್ಲವರು ತಿಳಿಸಬೇಕು.