ಟೋಪಿ ಸಿಗದ ಪಂದ್ಯಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ವೇಲ್ಸ್‌ನ ರಗ್ಬಿ ಆಟಗಾರ ಬ್ಲೆದಿನ್ ವಿಲಿಯಮ್ಸ್ ಬಗ್ಗೆ ಪುಟ್ಟದೊಂದು ಬರಹ ಬರೆಯುತ್ತಿದ್ದೆ. (ಹೆಸರಿನ ಕಾಗುಣಿತದಲ್ಲಿ ಎರಡು ‘ಡಿ’ ಇವೆ. ಆದರೆ ವೇಲ್ಸ್ ನುಡಿಯಲ್ಲಿ ಅದರ ಉಚ್ಚಾರ ನಮ್ಮ ‘ದ’ಗೆ ಹತ್ತಿರ. ಹಾಗಾಗಿ ‘ಬ್ಲೆಡ್ಡಿನ್’ ಬೇಡ ಅಂದುಕೊಂಡೆ.)

1947ರಿಂದ 1955ರವರೆಗೆ ಇವರಿಗೆ ವೇಲ್ಸ್ ಪರ 22 ‘ಕ್ಯಾಪ್’ ಸಿಕ್ಕಿವೆ. (ದೇಶದ ಪರ ಆಡಿದ ಒಂದೊಂದು ಅಧಿಕೃತ ಪಂದ್ಯಕ್ಕೂ ಒಂದು ‘ಕ್ಯಾಪ್’ ಅಂತ ಲೆಕ್ಕ.) ‘22 ಟೋಪಿ’ ಅಂತ ಬರೆದೆ. ಓದಿದ ಹೆಂಡತಿ, ‘ಇಪ್ಪತ್ತೆರಡು ಜನಕ್ಕೆ ಟೋಪಿ ಹಾಕಿದ್ನಾ?’ ಅಂತ ಕೇಳಿದಳು. ಅಲ್ಲಿಗೆ ಟೋಪಿ ಹೋಯಿತು. ಅಲ್ಲಿ ಒಂದು ಕಾಲಕ್ಕೆ ನಿಜಕ್ಕೂ ಗೊಂಡೆ ಇಳಿಬಿಟ್ಟ ಟೋಪಿಯನ್ನೇ ಕೊಡುತ್ತಿದ್ದರು. ತಲೆಗೆ ಟೋಪಿ ಇಡುವುದು ಅವರಿಗೆ ಗೌರವ, ನಮಗೆ ಮೋಸ!

ಸರಿ, ‘ದೇಶದ ಪರ 22 ಪಂದ್ಯ’ ಅಂತ ತಿದ್ದಿದೆ. ನಮ್ಮ ಪತ್ರಿಕೆಗಳೂ ಹಾಗೇ ಬರೆಯುತ್ತವೆ ಅಲ್ವಾ? ಆದರೆ ಇಲ್ಲಿ ಅದು ತಪ್ಪಾಗುತ್ತದೆ. ವಿಲಿಯಮ್ಸ್ ಎರಡನೇ ಮಹಾಯುದ್ಧದ ವರ್ಷಗಳಲ್ಲೇ ವೇಲ್ಸ್ ಪರ ಆಡಿದ್ದರು. 1942ರಿಂದ 1945ರವರೆಗೆ ಸೇನೆಯಲ್ಲಿದ್ದವರ ತಂಡ ಕಟ್ಟಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಆಡುತ್ತಿದ್ದವು. ವೇಲ್ಸ್‌ನ ಕಾರ್ಡಿಫ್ ಮೈದಾನದ ಮೇಲೆ 1941ರಲ್ಲಿ ಬಾಂಬ್ ಬಿದ್ದಿತ್ತು, ಹಾಗಾಗಿ ವೇಲ್ಸ್‌ನ ತವರಿನ ಪಂದ್ಯಗಳು ಸ್ವಾನ್ಸಿ ಊರಲ್ಲಿ. ದುಡ್ಡಿಗಾಗಿ ರಗ್ಬಿ ಲೀಗ್‌ಗೆ (ಆಟಗಾರರಿಗೆ ಸಂಬಳ ಕೊಡುತ್ತಿದ್ದ, ರಗ್ಬಿಯ ಇನ್ನೊಂದು ಬಗೆ) ಹೋಗಿ ಬಹಿಷ್ಕಾರ ಹಾಕಿಸಿಕೊಂಡಿದ್ದವರನ್ನೂ ಆಗ ಸೇರಿಸಿಕೊಂಡರು. ದೇಶದ ಹೆಸರಿತ್ತು, ಜನ ಇದ್ದರು, ಕ್ಯಾಪ್ ಮಾತ್ರ ಇರಲಿಲ್ಲ. 1946ರ ವಿಜಯೋತ್ಸವದ ಪಂದ್ಯಗಳಿಗೂ ಕೊಡಲಿಲ್ಲ. ವೇಲ್ಸ್‌ನ ಇನ್ನೊಬ್ಬ ಆಟಗಾರ ಹೇಡನ್ ಟ್ಯಾನರ್ ಅವರಂತೂ 1935ರಲ್ಲೇ ಶುರು ಮಾಡಿದವರು. ಅವರ 25 ಕ್ಯಾಪ್‌ಗಳ ನಡುವೆ 1939ರಿಂದ 1947ರವರೆಗೆ ಬರೀ ಖಾಲಿ. 22ರಿಂದ 30ರ ವಯಸ್ಸು, ಆಟಗಾರನಿಗೆ ಅದೇ ಅಲ್ವಾ ಬೆಳೆಯುವ ಕಾಲ?

ಹಾಗಾದರೆ ಆ ಪಂದ್ಯಗಳಿಗೆ ಏನು ಹೆಸರು? ನಿಘಂಟು ‘ಅನಧಿಕೃತ’ ಎನ್ನುತ್ತದೆ. ನನಗೆ ಆ ಪದ ಕಂಡರೆ ಅನಧಿಕೃತ ಬಡಾವಣೆ, ಬುಲ್ಡೋಜರ್ ನೆನಪಾಗುತ್ತದೆ. ಕದ್ದುಮುಚ್ಚಿ ಆಡಿದ ಹಾಗೆ. ಆದರೆ ನಡೆದದ್ದು ನೋಡಿ. ವಿಲಿಯಮ್ಸ್ ಗ್ಲೈಡರ್ ಪೈಲಟ್. 1945ರ ಮಾರ್ಚ್‌ನಲ್ಲಿ ರೈನ್ ನದಿಯಾಚೆ, ಜರ್ಮನಿಯೊಳಗೆ ಎಂಜಿನ್ ಇಲ್ಲದ ವಿಮಾನ ಇಳಿಸಿ, ಕಂದಕದಲ್ಲಿ ದಿನ ದೂಡುತ್ತಿದ್ದರು. ಮೇಲಧಿಕಾರಿ ಹ್ಯೂ ಬಾರ್ಟ್ಲೆಟ್ ಸ್ವತಃ ಕ್ರಿಕೆಟ್ ಆಟಗಾರ. ‘ನಾಳೆ ನಿನಗೆ ಪಂದ್ಯ ಇದೆಯಲ್ಲವೇ?’ ಅಂತ ಕೇಳಿ, ವಾಪಸ್ ಕಳಿಸಿಯೇಬಿಟ್ಟರು. ವಿಲಿಯಮ್ಸ್ ಇಂಗ್ಲೆಂಡ್‌ನ ಲೆಸ್ಟರ್‌ಗೆ ಬಂದು ಗ್ರೇಟ್ ಬ್ರಿಟನ್ ಪರ ಆಡಿ ‘ಟ್ರೈ’ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಪಡೆಯುವುದು) ಗಳಿಸಿದರು. ಅಧಿಕಾರಿಯೇ ಹೇಳಿ ಕಳಿಸಿದ ಆಟಕ್ಕೆ ಅನಧಿಕೃತ ಅನ್ನಲು ಮನಸ್ಸು ಬರುತ್ತಿಲ್ಲ.

‘ಚೊಚ್ಚಲ ಪಂದ್ಯ’ದ್ದೂ ಇದೇ ಗೋಳು. ದಾಖಲೆಯ ಪ್ರಕಾರ 1947ರ ಜನವರಿ, ಕಾರ್ಡಿಫ್, ಇಂಗ್ಲೆಂಡ್ ವಿರುದ್ಧ. ಆದರೆ ಚೊಚ್ಚಲು ಎಂದರೆ ಮೊದಲ ಹೆರಿಗೆ. ಮೂರ್ನಾಲ್ಕು ಹೆತ್ತ ಮೇಲೆ ಚೊಚ್ಚಲು ಎಂದರೆ ಯಾರು ಒಪ್ಪುತ್ತಾರೆ? ಅದಕ್ಕೆ ‘ಮೊದಲ ಕ್ಯಾಪ್’ ಎಂದಷ್ಟೇ ಬರೆದೆ.

ಕೊನೆಗೆ ಹೊಳೆದದ್ದು ನಮ್ಮ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಎಷ್ಟು ಸರಿಯಾಗಿ ಕೂರುತ್ತದೆ! ಒಂದೇ ಅಳುಕು. ನಮ್ಮಲ್ಲಿ ಲೆಕ್ಕಕ್ಕಿಲ್ಲದ್ದು ಆಟಗಾರ. ಅಳುವ ಚಿಕ್ಕ ಹುಡುಗನನ್ನು ಸಮಾಧಾನ ಮಾಡಲು ಸುಮ್ನೆ ಸೇರಿಸಿಕೊಳ್ಳುತ್ತಿದ್ದೆವು. ಇಲ್ಲಿ ಆಟಗಾರ ಗಟ್ಟಿ, ಪಂದ್ಯಕ್ಕೇ ಲೆಕ್ಕವಿಲ್ಲ. ‘ಲೆಕ್ಕಕ್ಕಿಲ್ಲದ ಪಂದ್ಯ’ ಎಂದರೆ ಆ ತಮಾಷೆಯ ವಾಸನೆ ಉಳಿಯುತ್ತದಾ? ‘ಲೆಕ್ಕಕ್ಕೆ ಬಾರದ ಪಂದ್ಯ’ ವಾಸಿಯಾ? ಬಾರದ ಎಂದಾಗ ತಪ್ಪು ಲೆಕ್ಕ ಇಟ್ಟವರದು ಅನಿಸುತ್ತದೆ ನನಗೆ.

ಮಂಗಳೂರು, ಧಾರವಾಡ ಕಡೆಯವರು ಇಂಥದ್ದಕ್ಕೆ ಬೇರೆ ಮಾತು ಬಳಸುತ್ತೀರಾ? ಮಕ್ಕಳ ಆಟದ್ದಾದರೂ ಸರಿ, ತಿಳಿಸಿ.